ನಮ್ಮ ಐಸಿಯುನಲ್ಲಿ ಟೇಪು ಯಾಕೆ ಬಂತು

ನಮ್ಮ ಐಸಿಯುನಲ್ಲಿ ಪ್ರತಿ ವೆಂಟಿಲೇಟರ್‌ಗೂ ಒಂದೊಂದು ಟೈಲರ್ ಟೇಪು ಕಟ್ಟಿದೀವಿ. ಹೊಸದಾಗಿ ಬಂದ ಡ್ಯೂಟಿ ಡಾಕ್ಟ್ರು ಇದೇನು ಸರ್ ಅಂತ ಕೇಳೇ ಕೇಳ್ತಾರೆ, ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳ್ಬೇಕು.

ಶುರುವಲ್ಲಿ ನಾನು ನಂಬಿದ್ದು ಅಪಾಚೆ-2 ಸ್ಕೋರನ್ನ. 1985ರದ್ದು ಅದು. ಪೇಶಂಟ್ ಬಂದ ಮೊದಲ 24 ಗಂಟೆಯಲ್ಲಿ ಬಿಪಿ, ಜ್ವರ, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಅಂತ 12 ಅಳತೆಗಳು ಎಷ್ಟು ಕೆಟ್ಟಿದ್ವು ನೋಡಿ, ವಯಸ್ಸು ಮತ್ತೆ ಹಳೇ ಕಾಯಿಲೆ ಸೇರಿಸಿದ್ರೆ 71ರೊಳಗೆ ಒಂದು ನಂಬರ್ ಬರುತ್ತೆ, ಜಾಸ್ತಿ ಇದ್ದಷ್ಟೂ ಸಾಯೋ ಅಪಾಯ ಜಾಸ್ತಿ. ಒಂದ್ಸಲ ಬೆಳೆಗೆ ಹೊಡೆಯೋ ಔಷಧಿ ಕುಡಿದ ಹುಡುಗ ಬಂದ, ಪೂರ್ತಿ ಪ್ರಜ್ಞೆ ಇಲ್ಲ, ಅದೊಂದಕ್ಕೇ 12 ಪಾಯಿಂಟ್. ಅವರಪ್ಪಂಗೆ ಆಸೆ ಕಡಿಮೆ ಅಂದ್ಬಿಟ್ಟೆ. ಆ ವಿಷಕ್ಕೆ ಕೊಡೋ ಅಟ್ರೋಪಿನ್ ಕೊಟ್ಟು, ವೆಂಟಿಲೇಟರ್ ಮೇಲೆ ದಿನಗಟ್ಟಲೆ ಇಟ್ವಿ, ಹುಡುಗ ನಡ್ಕೊಂಡು ಮನೆಗೆ ಹೋದ. ಆ ನಂಬರ್ ಅಂಥ ನೂರು ಜನರ ಬಗ್ಗೆ ಹೇಳುತ್ತೆ, ಎದುರಿಗಿರೋ ಒಬ್ಬನ ಬಗ್ಗೆ ಅಲ್ಲ. ಓದಿದ್ದೆ, ಆದ್ರೆ ಅರ್ಥ ಆಗಿದ್ದು ಅವತ್ತು.

ಆಮೇಲೆ ದಿನಾ ಬೆಳಗ್ಗೆ, ಅಂಗಾಂಗಗಳು ಎಷ್ಟು ಕೆಟ್ಟಿವೆ ಅಂತ ಹೇಳೋ ಸೋಫಾ ಸ್ಕೋರ್ ಬರೆಯೋಕೆ ಶುರು ಮಾಡಿದ್ವಿ. ಶ್ವಾಸಕೋಶ, ರಕ್ತ, ಲಿವರ್, ಬಿಪಿ, ಮೆದುಳು, ಕಿಡ್ನಿ, ಒಂದೊಂದಕ್ಕೂ 0ಯಿಂದ 4. ಇವತ್ತು ಎಷ್ಟು ಅನ್ನೋದಕ್ಕಿಂತ ಎರಡು ದಿನದಲ್ಲಿ ಏರ್ತಾ ಇದೆಯಾ ಇಳೀತಾ ಇದೆಯಾ ಅನ್ನೋದು ಮುಖ್ಯ. ರೌಂಡ್ಸ್‌ನಲ್ಲಿ ಸಿಸ್ಟರ್ ಓದ್ತಾರೆ, ಏರಿದ್ರೆ ಯಾಕೆ ಅಂತ ಹೇಳದೆ ಮುಂದಿನ ಬೆಡ್‌ಗೆ ಹೋಗೋ ಹಾಗಿಲ್ಲ.

ಹೀಗೆ ಯಾಕೆ ಯಾಕೆ ಅಂತ ಕೇಳ್ತಾ ಹೋದಾಗ, ವೆಂಟಿಲೇಟರ್ ಮೇಲಿದ್ದ ಕುಳ್ಳಗಿನ ಹೆಂಗಸರಲ್ಲಿ ಶ್ವಾಸಕೋಶದ ನಂಬರ್ ಪದೇಪದೇ ಏರ್ತಿರೋದು ಕಣ್ಣಿಗೆ ಬಿತ್ತು. ಕಾರಣ ನಾವೇ. ಒಂದು ಉಸಿರಿಗೆ ಎಷ್ಟು ಗಾಳಿ ಅನ್ನೋದನ್ನ ಕಣ್ಣಂದಾಜಲ್ಲಿ 450 ಎಂಎಲ್ ಇಡ್ತಿದ್ವಿ. ದಪ್ಪ ಆದ್ರೆ ಶ್ವಾಸಕೋಶ ದೊಡ್ಡದಾಗಲ್ಲ, ಅದರ ಲೆಕ್ಕ ಎತ್ತರದ ಮೇಲೆ. 152 ಸೆಂಟಿಮೀಟರ್ ಹೆಂಗಸು 70 ಕೆಜಿ ತೂಗಿದ್ರೂ ಲೆಕ್ಕಕ್ಕೆ ತಗೋಬೇಕಾದ್ದು ಎತ್ತರಕ್ಕೆ ತಕ್ಕ ಸುಮಾರು 45 ಕೆಜಿ, ಕೆಜಿಗೆ 6 ಎಂಎಲ್ ಅಂದ್ರೆ 270. ನಾವು ಕೆಜಿಗೆ 10 ತುಂಬ್ತಿದ್ವಿ! ಶ್ವಾಸಕೋಶ ತೀರಾ ಕೆಟ್ಟು ವೆಂಟಿಲೇಟರ್ ಮೇಲಿದ್ದವರಲ್ಲಿ ನಡೆದ, 2000ನೇ ಇಸವಿಯ ಆರ್ಡ್ಸ್‌ನೆಟ್ ಟ್ರಯಲ್‌ನಲ್ಲಿ ಕೆಜಿಗೆ 12 ಕೊಟ್ಟ ಗುಂಪಲ್ಲಿ ನೂರಕ್ಕೆ 40 ಹತ್ರ ಜನ ತೀರ್ಕೊಂಡ್ರು, 6 ಕೊಟ್ಟ ಗುಂಪಲ್ಲಿ 31. ಇಷ್ಟು ವರ್ಷ ಗೊತ್ತಿದ್ದೂ ನಾವು ಎತ್ತರ ಅಳೀತಿರ್ಲಿಲ್ಲ ಅನ್ನೋದು ಈಗ್ಲೂ ನೋವು ಕೊಡುತ್ತೆ.

ಈಗ ಟ್ಯೂಬ್ ಹಾಕಿದ ತಕ್ಷಣ ತಲೆಯಿಂದ ಹಿಮ್ಮಡಿವರೆಗೆ ಟೇಪು ಹಿಡಿದು ಅಳೆದು, ಬರಬೇಕಾದ ಎಂಎಲ್‌ನ ವೆಂಟಿಲೇಟರ್ ಮೇಲೇ ಬರೆದು ಅಂಟಿಸ್ತೀವಿ, ರಾತ್ರಿ ಯಾರಾದ್ರೂ ಸುಮ್ನೆ ಏರಿಸಿದ್ರೆ ಸಿಸ್ಟರೇ ಕೇಳ್ತಾರೆ.

ಮನೆಯವರಿಗೆ ಈಗ ನೂರಕ್ಕೆ ಇಷ್ಟು ಅಂತ ಹೇಳಲ್ಲ. ನಿನ್ನೆಗಿಂತ ಕಿಡ್ನಿ ವಾಸಿ ಅಮ್ಮ, ಉಸಿರಾಟ ಹಾಗೇ ಇದೆ, ನಾಳೆ ಬೆಳಗ್ಗೆ ನೋಡಿ ಮತ್ತೆ ಹೇಳ್ತೀನಿ, ಅಂತೀನಿ.