ಐಜೆಮ್ ತೀರ್ಪುಗಾರರಿಗೆ ನಿಮ್ಮ ಪ್ರಾಜೆಕ್ಟ್ ಕಾಣುವ ಹಾಗೆ ಮಾಡುವುದು ಹೇಗೆ?

ಐಜೆಮ್ ಎಂದರೆ ವಿದ್ಯಾರ್ಥಿ ತಂಡಗಳ ಅಂತರರಾಷ್ಟ್ರೀಯ ಸಿಂಥೆಟಿಕ್ ಬಯಾಲಜಿ (ಜೀವಿಗಳ ಡಿಎನ್‌ಎ ಜೋಡಿಸಿ ಹೊಸ ಕೆಲಸ ಮಾಡಿಸುವ ವಿಜ್ಞಾನ) ಸ್ಪರ್ಧೆ. ವರ್ಷವಿಡೀ ಲ್ಯಾಬಿನಲ್ಲಿ ಬೆವರು ಸುರಿಸಿದ ಹುಡುಗ ಹುಡುಗಿಯರು ಕೊನೆಗೆ ವಿಕಿ (ತಂಡ ತನ್ನ ಪ್ರಾಜೆಕ್ಟ್ ವಿವರಿಸುವ ವೆಬ್‌ಸೈಟ್) ಬರೆಯುವಾಗ ಎಡವುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 2004ರಲ್ಲಿ ಈ ಸ್ಪರ್ಧೆಗೆ ಬಂದಿದ್ದು 5 ತಂಡ. ಈಗ ನೂರಾರು. ವಿಕಿಯಲ್ಲಿ ಇಲ್ಲದ ಕೆಲಸ ತೀರ್ಪುಗಾರರ ಕಣ್ಣಿಗೆ ಬೀಳುವುದು ಕಷ್ಟ.

ಮೊದಲು ಒಂದು ಮಾತು. ಪದಕ ಬೇರೆ, ಬಹುಮಾನ ಬೇರೆ. ಕಂಚು, ಬೆಳ್ಳಿ, ಚಿನ್ನಕ್ಕೆ ಪಕ್ಕದ ತಂಡದ ಜೊತೆ ಪೈಪೋಟಿಯಿಲ್ಲ. ಷರತ್ತು ಪೂರೈಸಿದ ಎಲ್ಲರಿಗೂ ಸಿಗುತ್ತದೆ. ಪೈಪೋಟಿ ಇರುವುದು ಬಹುಮಾನಕ್ಕೆ. ಷರತ್ತುಗಳು ಬದಲಾಗುತ್ತಿರುತ್ತವೆ, ಹಾಗಾಗಿ ಆ ವರ್ಷದ ನಿಯಮವನ್ನೇ ಓದಿ.

ಆಮೇಲೆ ಯಾವ ಪದಕ, ಬಹುಮಾನ ಕೇಳುತ್ತೀರಿ ಎಂದು ತೀರ್ಪುಗಾರರಿಗೆ ತಿಳಿಸುವ ಜಡ್ಜಿಂಗ್ ಫಾರ್ಮ್ ತುಂಬಿ. ಪುರಾವೆ ಇರುವ ಪುಟದ ಲಿಂಕನ್ನೇ ಕೊಡಿ.

ಕಷ್ಟ ಇರುವುದು ವಿಕಿಯ ಎಂಜಿನಿಯರಿಂಗ್ ಪುಟದಲ್ಲಿ. ಡಿಸೈನ್, ಬಿಲ್ಡ್, ಟೆಸ್ಟ್, ಲರ್ನ್ ಎಂದು ದುಂಡಗೆ ಬಾಣ ಎಳೆದ ಚಿತ್ರ ಹಾಕಿ ಸುಮ್ನೆ ಕೂತರೆ ಆಗಲಿಲ್ಲ. ಒಂದು ತಂಡ ಹೊಸ ಪ್ರೊಮೋಟರ್ (ಜೀನನ್ನು ಆನ್ ಮಾಡುವ ಡಿಎನ್‌ಎ ತುಂಡು) ನಂತರ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್) ಜೋಡಿಸಿ, ಹಸಿರು ಹೊಳಪಿನ ಚೆಂದದ ಗ್ರಾಫ್ ಹಾಕಿತ್ತು. ಪ್ಲಾಸ್ಮಿಡ್ (ಆ ಜೋಡಣೆಯನ್ನು ಹೊತ್ತ ಡಿಎನ್‌ಎ ಉಂಗುರ) ಇಲ್ಲದ ಬ್ಯಾಕ್ಟೀರಿಯಾದ ಅಳತೆ ಎಲ್ಲಿ? ಬ್ಯಾಕ್ಟೀರಿಯಾ ಬೆಳೆಸುವ ಬರೀ ಎಲ್‌ಬಿ ದ್ರಾವಣದ ಅಳತೆ ಎಲ್ಲಿ? ಎಲ್‌ಬಿಯೂ ತುಸು ಹಸಿರಾಗಿ ಹೊಳೆಯುತ್ತದೆ ಅಲ್ವಾ? ಅದನ್ನು ಕಳೆಯದೆ ಆ ಗ್ರಾಫನ್ನು ನಂಬುವುದು ಹೇಗೆ? ಹೊಳಪನ್ನು ಓಡಿ 600ರಿಂದ (ದ್ರಾವಣದಲ್ಲಿ ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆ ಎಂಬ ಅಳತೆ) ಭಾಗಿಸಿ, ಇಲ್ಲದಿದ್ದರೆ ಜಾಸ್ತಿ ಬೆಳೆದ ಕಲ್ಚರೇ ಜಾಸ್ತಿ ಹೊಳೆದಂತೆ ಕಾಣುತ್ತದೆ. ಫ್ಲೋರೆಸೀನ್ (ಹಸಿರಾಗಿ ಹೊಳೆಯುವ ಒಂದು ಬಣ್ಣದ ರಾಸಾಯನಿಕ) ಜೊತೆ ಹೋಲಿಸಿ ಅಳೆದರೆ ಬೇರೆ ಲ್ಯಾಬಿನವರೂ ನಿಮ್ಮ ಅಂಕಿ ಬಳಸಬಹುದು. ಒಂದೇ ಕಲ್ಚರನ್ನು ಅಳೆಯುವ ತಟ್ಟೆಯ ಮೂರು ಗುಳಿಗಳಿಗೆ ಹಾಕಿ ‘ಮೂರು ಸಲ ಮಾಡಿದೆವು’ ಎನ್ನಬೇಡಿ. ಮೂರು ಬೇರೆ ಬೇರೆ ಬ್ಯಾಕ್ಟೀರಿಯಾ ಕಾಲೊನಿಯಿಂದ ಬೆಳೆಸಿ.

ಪ್ರಯೋಗ ಕೈಕೊಟ್ಟಿತೇ? ಮುಚ್ಚಿಡಬೇಡಿ. ಏನು ಅಂದುಕೊಂಡಿದ್ದಿರಿ, ಏನಾಯಿತು, ಅದಕ್ಕೆ ಮುಂದಿನ ಡಿಸೈನ್‌ನಲ್ಲಿ ಏನು ಬದಲಿಸಿದಿರಿ ಅಂತ ಬರೆಯಿರಿ. ನೀವು ಕಟ್ಟಿದ ಡಿಎನ್‌ಎ ಭಾಗ ಕೆಲಸ ಮಾಡದಿದ್ದರೂ ಈ ಸುತ್ತು ಸರಿಯಾಗಿ ಕಂಡರೆ ಅದಕ್ಕೆ ಬೆಲೆ ಇದೆ. ನನ್ನ ಮಟ್ಟಿಗೆ, ಕೈಕೊಟ್ಟ ಪ್ರಯೋಗದ ನೇರ ವಿವರಣೆ ಹತ್ತು ಅನಿಮೇಶನ್‌ಗಿಂತ ಮೇಲು. ಪುಟ ತೆರೆಯಲು ಅರ್ಧ ನಿಮಿಷ ತಿನ್ನುವ ರೆಡಿಮೇಡ್ ಟೆಂಪ್ಲೇಟುಗಳನ್ನಂತೂ ದೂರ ಇಡಿ.

ಯಾರು ಏನು ಮಾಡಿದರು ಎಂಬುದನ್ನು ಆಟ್ರಿಬ್ಯೂಶನ್ಸ್‌ನಲ್ಲಿ ಒಂದೂ ಬಿಡದೆ ಹೇಳಿ. ಪ್ಲಾಸ್ಮಿಡ್ ಕೊಟ್ಟ ಲ್ಯಾಬ್, ಕೋಡ್ ತಿದ್ದಿದ ಸೀನಿಯರ್, ಎಲ್ಲರೂ ಬರಲಿ.

ವಿಕಿ ಫ್ರೀಜ್ ಆದಮೇಲೆ ಒಂದು ಅಕ್ಷರವನ್ನೂ ತಿದ್ದಲಾಗುವುದಿಲ್ಲ. ಹಿಂದಿನ ದಿನವೇ ಮುಗಿಸಿ, ಪ್ರಾಜೆಕ್ಟ್ ಗೊತ್ತಿಲ್ಲದ ಒಬ್ಬರಿಂದ ಓದಿಸಿ.

ಕೊನೆಯದು ತೀರ್ಪುಗಾರರ ಜೊತೆ ಪ್ರಶ್ನೋತ್ತರ. 2022ರಿಂದ ಐಜೆಮ್‌ನ ದೊಡ್ಡ ಸಮಾವೇಶ ಪ್ಯಾರಿಸ್‌ನಲ್ಲಿ ನಡೆಯುತ್ತಿದೆ. ಉತ್ತರ ಬಾಯಿಪಾಠ ಮಾಡಬೇಡಿ. ಪ್ರಯೋಗ ಮಾಡಿದವರೇ ಉತ್ತರ ಕೊಡಲಿ, ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ. ‘ಕಂಟ್ರೋಲ್ (ಹೋಲಿಕೆಗೆ ಇಟ್ಟ ಅಳತೆ) ಏನಿತ್ತು?’ ಎಂದು ಕೇಳಿದಾಗ ತಟ್ಟನೆ ಹೇಳುವವರು ಅವರೇ.