ಸೆಲ್ ಇಳಿದ ಟೇಪ್‌ರೆಕಾರ್ಡರ್ ಮತ್ತು ನನ್ನ ಶುಕ್ರವಾರಗಳು

ಹಗಲೆಲ್ಲ ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ಶನಿವಾರ ಸಂಜೆ ಇಂದಿರಾನಗರದ ಒಂದು ಸಣ್ಣ ಬಾರಿನಲ್ಲಿ ಡೀಜೆ. ಅಲ್ಲಿ ನನಗೆ ಸಿಗುವುದು ಎಂಟರಿಂದ ಹತ್ತೂವರೆವರೆಗಿನ ವಾರ್ಮ್‌ಅಪ್. ಆ ಹೊತ್ತಿಗೆ ಜನ ಗೋಬಿ ತಿನ್ನುತ್ತಾ ಆಫೀಸಿನ ಸಿಟ್ಟು ಹೇಳಿಕೊಳ್ಳುತ್ತಿರುತ್ತಾರೆ, ಕುಣಿಯುವವರು ಯಾರೂ ಇಲ್ಲ. 125 ಬಿಪಿಎಂನ (ನಿಮಿಷಕ್ಕೆ 125 ಪೆಟ್ಟಿನ) ಹೌಸ್ ಎಂಬ ಕುಣಿತದ ಸಂಗೀತ ಹಾಕಿದರೆ ಮ್ಯಾನೇಜರ್ ಬಂದು "ಗುರು, ಇಷ್ಟು ಬೇಗ ಯಾಕೆ ಓಡಿಸ್ತೀಯಾ" ಅನ್ನುತ್ತಾರೆ. ನಿಧಾನ ನಡೆಯ ಕಾಸ್ಮಿಕ್ ಡಿಸ್ಕೊ ಕೈಹಿಡಿದದ್ದು ಹೀಗೆ, ಕೆಲಸ ಉಳಿಸಿಕೊಳ್ಳಲು.

ಆ ಹೆಸರು ಬಂದದ್ದು ಇಟಲಿಯ ಗಾರ್ಡಾ ಸರೋವರದ ದಡದ ಲಾಜಿಸೆಯಲ್ಲಿದ್ದ ಕಾಸ್ಮಿಕ್ ಎಂಬ ಕ್ಲಬ್ಬಿನಿಂದ. 1979ರಿಂದ 1984ರವರೆಗೆ ನಡೆದ ಆ ಕ್ಲಬ್ಬಿನಲ್ಲಿ ಡೀಜೆ ಡಾನಿಯೆಲೆ ಬಾಲ್ಡೆಲ್ಲಿ ಡಿಸ್ಕೊ, ಜರ್ಮನ್ ಸಿಂಥ್, ಆಫ್ರಿಕಾದ ತಾಳವಾದ್ಯ ಎಲ್ಲವನ್ನೂ ಒಂದರೊಳಗೊಂದು ಬೆರೆಸುತ್ತಿದ್ದರು. ನಿಮಿಷಕ್ಕೆ 45 ಸುತ್ತಿನ ತಟ್ಟೆಯನ್ನು 33ರಲ್ಲಿ, 33ರದ್ದನ್ನು 45ರಲ್ಲಿ ತಿರುಗಿಸುವುದು ಅವರ ಹೆಸರಾಂತ ಚೇಷ್ಟೆ. ಹೊಸ ಹಾಡು ಆರಿಸುವಾಗ ನಾನು ಇಂದಿಗೂ ನೆಚ್ಚಿಕೊಂಡಿರುವುದು ಆ ಚೇಷ್ಟೆಯನ್ನೇ.

ಶುಕ್ರವಾರ ಬಂತೆಂದರೆ ಹೊಸ ಬಿಡುಗಡೆಗಳ ಪ್ರವಾಹ. ಮೊದಮೊದಲು ಶುರುವಿನ ಅರ್ಧ ನಿಮಿಷ ಕೇಳಿ ಖುಷಿಯಾದದ್ದನ್ನೆಲ್ಲ ಕೊಳ್ಳುತ್ತಿದ್ದೆ. ಮುಂದಿನ ವಾರಕ್ಕೆ ಅವುಗಳಲ್ಲಿ ಮುಕ್ಕಾಲು ಪಾಲು ಹಳಸಿರುತ್ತಿದ್ದವು. ಈಗ ಬ್ರೌಸರ್‌ಗೆ ವೇಗ ಬದಲಿಸುವ ಒಂದು ಎಕ್ಸ್‌ಟೆನ್ಶನ್ ಹಾಕಿಕೊಂಡಿದ್ದೇನೆ. ಶ್ರುತಿಯನ್ನು ಹಿಡಿದಿಡುವ ಆಯ್ಕೆ ಆಫ್ ಮಾಡಿ, ವೇಗವನ್ನು 0.9ಕ್ಕೆ ಇಳಿಸಿ, ಹಾಡಿನ ನಡುವಿನಿಂದ ಕೇಳುತ್ತೇನೆ. 122ರ ಹೌಸ್ 110ಕ್ಕೆ ಬರುತ್ತದೆ. ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಎರಡರಿಂದ ಹೆಚ್ಚುಕಡಿಮೆ ಕರಿ ಒಂದಕ್ಕೆ ಜಾರುತ್ತದೆ.

ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಹಿಡಿಯುತ್ತಿದ್ದ ಅಪ್ಪ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಏನೋ ಇದು, ಸೆಲ್ ಇಳಿದ ಟೇಪ್‌ರೆಕಾರ್ಡರ್ ಥರ?"

"ಹೂಂ ಅಪ್ಪ, ಹಾಗೇ ಇರ್ಬೇಕು."

"ಹಾಗಾದ್ರೆ ಬೇಸ್ ಚೆನ್ನಾಗಿದೆ ಬಿಡು" ಅಂದು ಹೋದರು. ಅವರು ಹೇಳಿದ್ದೇ ಸರಿ. ನಿಧಾನ ಮಾಡಿದಾಗ ಹಾಡಿನ ಬಂಡವಾಳ ಹೊರಬೀಳುತ್ತದೆ. ಬರೀ ಕಿಕ್ ಮತ್ತು ಹೈಹ್ಯಾಟ್ ನಂಬಿಕೊಂಡ ಟ್ರ್ಯಾಕಿನಲ್ಲಿ ಎರಡು ಪೆಟ್ಟಿನ ನಡುವೆ ಏನೂ ಇರುವುದಿಲ್ಲ. ಸೈಡ್‌ಚೈನ್ (ಕಿಕ್ ಬಿದ್ದಾಗಲೆಲ್ಲ ಉಳಿದ ಸದ್ದು ತಗ್ಗಿಸುವ ತಂತ್ರ) ಅತಿಯಾದದ್ದು ಬಿಕ್ಕಳಿಸಿದಂತೆ ಕೇಳುತ್ತದೆ. ಬೇಸ್‌ಲೈನ್‌ಗೆ ನಡಿಗೆ ಇದ್ದರೆ, ಕಾಂಗಾ ಡೋಲಿನ ಮೇಲೆ ಬೆರಳು ಜಾರುವ ಸದ್ದು, ಎಕೋ ಸಾಯುವ ಬಾಲ, ಎಲ್ಲ ತೆರೆದುಕೊಳ್ಳುತ್ತವೆ. ನಾರ್ವೆಯ ಡೀಜೆ ಪ್ರಿನ್ಸ್ ಥಾಮಸ್ ಓಸ್ಲೋದಲ್ಲಿ ಕಟ್ಟಿದ ಫುಲ್ ಪಪ್ ಲೇಬಲ್‌ನಿಂದ ಬಂದದ್ದನ್ನು ನಾನು ಬಿಡದೆ ಕೇಳುವುದು ಇದಕ್ಕೇ.

ಆದರೆ ಇಂಥ ಹಾಡುಗಳಲ್ಲಿ ಎಷ್ಟೋ ಸಲ ಡ್ರಮ್ಸ್ ಕೈಯಲ್ಲಿ ನುಡಿಸಿದ್ದು, ವೇಗ ಅಲ್ಲಲ್ಲಿ ಕದಲುತ್ತದೆ. ಅದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ಒಂದು ಸಂಜೆ ಸಿಂಕ್ (ಎರಡು ಹಾಡುಗಳ ತಾಳವನ್ನು ಯಂತ್ರವೇ ಹೊಂದಿಸುವ ಗುಂಡಿ) ಒತ್ತಿ, ಪರಿಚಯದವರೊಬ್ಬರ ಜೊತೆ ಮಾತಾಡುತ್ತಾ ನಿಂತಿದ್ದೆ. ಮೂರನೇ ನಿಮಿಷಕ್ಕೆ ಡ್ರಮ್ಮರ್ ಕೂದಲೆಳೆಯಷ್ಟು ಮುಂದೆ ಹೋಗಿದ್ದ, ಯಂತ್ರದ ಬೀಟ್‌ಗ್ರಿಡ್, ಅಂದರೆ ಅದು ಹಾಡಿನ ಪೆಟ್ಟುಗಳಿಗೆ ಹಾಕಿಕೊಂಡ ಗುರುತು, ಹಿಂದೆಯೇ ಇತ್ತು. ಎರಡು ಕಿಕ್‌ಗಳು ಸೇರಿ ಟಾರು ರಸ್ತೆಯ ಮೇಲೆ ಜಟಕಾ ಕುದುರೆ ಓಡಿದಂತಾಯಿತು. ವೇಟರ್ ಕೂಡ ತಿರುಗಿ ನೋಡಿದ. ಈಗ ಮನೆಯಲ್ಲೇ ರೆಕಾರ್ಡ್‌ಬಾಕ್ಸ್ ಎಂಬ ಡೀಜೆ ಸಾಫ್ಟ್‌ವೇರ್‌ನಲ್ಲಿ, ಬದಲಾಗುವ ವೇಗವನ್ನು ಹಿಂಬಾಲಿಸುವ ಡೈನಮಿಕ್ ಅನಾಲಿಸಿಸ್ ಮಾಡಿ, ಪ್ರತಿ 32 ಬಾರ್‌ಗೆ (ತಾಳದ ಆವರ್ತಕ್ಕೆ) ಗ್ರಿಡ್ ಪರೀಕ್ಷಿಸುತ್ತೇನೆ. ಮಿಕ್ಸ್ ಮಾಡುವಾಗ ಸಿಂಕ್ ಮುಟ್ಟುವುದಿಲ್ಲ, ಕೈ ಪ್ಲೇಯರ್‌ನ ಜಾಗ್ ವೀಲ್ ಎಂಬ ತಿರುಗುವ ಚಕ್ರದ ಮೇಲೆಯೇ. ಒಂದು ಹಾಡಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹಾಗಾಗಿ ವಾರಕ್ಕೆ ನಾಲ್ಕೈದು ಹಾಡಿಗಿಂತ ಹೆಚ್ಚು ಕೊಳ್ಳಲು ಮನಸ್ಸೇ ಬರುವುದಿಲ್ಲ.

'ಹೊಸದು' ಎಂಬ ಚೀಟಿಯನ್ನೂ ಪೂರ್ತಿ ನಂಬಬೇಡಿ. ಚರಣ್‌ಜಿತ್ ಸಿಂಗ್ ಮುಂಬೈಯಲ್ಲಿ ರೋಲ್ಯಾಂಡ್ ಕಂಪನಿಯ 808 ಡ್ರಮ್ ಯಂತ್ರ, 303 ಬೇಸ್ ಸಿಂಥ್ ಇಟ್ಟುಕೊಂಡು ರಾಗಗಳನ್ನು ಡಿಸ್ಕೊ ಬೀಟಿಗೆ ನುಡಿಸಿದ ತಟ್ಟೆ 1982ರದ್ದು. ಜಗತ್ತು ಅದನ್ನು ಬೆರಗಿನಿಂದ ಕೇಳಿದ್ದು 2010ರ ಮರುಬಿಡುಗಡೆಯಲ್ಲಿ. ಇಂಥ ಮರುಬಿಡುಗಡೆಗಳಿಗೆ ನನ್ನ ಪಟ್ಟಿಯಲ್ಲಿ ಯಾವಾಗಲೂ ಜಾಗವಿದೆ.

ಕೊಳ್ಳುವ ವಿಚಾರ ಎರಡು ಮಾತಲ್ಲಿ. ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಗೊತ್ತುಮಾಡುವ 'ಬ್ಯಾಂಡ್‌ಕ್ಯಾಂಪ್ ಫ್ರೈಡೇ' ದಿನ ಕಂಪನಿ ತನ್ನ ಪಾಲು ಬಿಟ್ಟುಕೊಡುತ್ತದೆ, ಸಂಗೀತಗಾರರಿಗೆ ಹೆಚ್ಚು ಸೇರುತ್ತದೆ. ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ್ದು, ನಮಗೆ ಶುರುವಾಗುವುದು ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ. ಕಾರ್ಡ್ ತಿರಸ್ಕೃತವಾದರೆ ಗಾಬರಿ ಬೇಡ, ಬ್ಯಾಂಕ್ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ವಹಿವಾಟು ಆನ್ ಮಾಡಿದ್ದೀರಾ ನೋಡಿ. ಇಳಿಸಿಕೊಳ್ಳುವಾಗ ಎಐಎಫ್‌ಎಫ್ ಎಂಬ ಫೈಲ್ ಮಾದರಿ ಆರಿಸಿ. ಹಳೆಯ ಸಿಡಿಜೆಗಳು (ಡೀಜೆ ಪ್ಲೇಯರ್‌ಗಳು) ಫ್ಲ್ಯಾಕ್ ಫೈಲ್ ಓದುವುದಿಲ್ಲ. ವೇವ್ ಫೈಲ್‌ನಲ್ಲಿ ಎಷ್ಟೋ ಸಲ ಹಾಡಿನ ವಿವರ ಕಾಣೆಯಾಗಿ, ಕತ್ತಲಲ್ಲಿ 'ಅನ್‌ನೋನ್' ಎಂಬ ಹನ್ನೆರಡು ಸಾಲು ನೋಡುತ್ತಾ ನಿಲ್ಲಬೇಕಾಗುತ್ತದೆ.

ನನ್ನ ಪೆನ್‌ಡ್ರೈವ್‌ನಲ್ಲಿ ಈ ಹಾಡುಗಳ ಪ್ಲೇಲಿಸ್ಟ್‌ಗೆ 'ಸೆಲ್ ಇಳಿದದ್ದು' ಅಂತಲೇ ಹೆಸರು. ಕಳೆದ ವಾರ ಅದಕ್ಕೆ ಒಂಬತ್ತು ನಿಮಿಷದ ಒಂದು ಹಾಡು ಸೇರಿದೆ, ಗ್ರಿಡ್ ಇನ್ನೂ ಆರನೇ ನಿಮಿಷದಲ್ಲಿ ತಪ್ಪುತ್ತಿದೆ. ಶನಿವಾರದೊಳಗೆ ಸರಿಹೋಗದಿದ್ದರೆ ಐದನೇ ನಿಮಿಷಕ್ಕೇ ಆ ಹಾಡಿನಿಂದ ಹೊರಗೆ ಬರುತ್ತೇನೆ.