ಗಿನಿಪಿಗ್‌ಗಳ ಹುಳುಕಡ್ಡಿ ಕೊನೆಗೂ ನಿಂತಿತು

ನಮ್ಮ ಶೆಲ್ಟರ್‌ಗೆ ಬಂದ ಒಂದು ಗಿನಿಪಿಗ್‌ನ ಮೂಗಿನ ಮೇಲೆ ಕೂದಲು ಉದುರಿ ಬಿಳಿ ಹೊಟ್ಟು ಎದ್ದಿತ್ತು. ಕತ್ತಲೆಯಲ್ಲಿ ವುಡ್ಸ್ ಲ್ಯಾಂಪ್ (ನೇರಳಾತೀತ ಬೆಳಕಿನ ದೀಪ) ಹಿಡಿದು ನೋಡಿದೆ. ಹಸಿರು ಹೊಳಪು ಕಾಣಲಿಲ್ಲ. ಹುಳುಕಡ್ಡಿ ಅಲ್ಲ ಅಂದುಕೊಂಡು ಸುಮ್ನಾದೆ. ಅದೇ ತಪ್ಪಾಯಿತು. ಬೆಕ್ಕುಗಳಿಗೆ ಹೆಚ್ಚಾಗಿ ಬರುವ ಮೈಕ್ರೋಸ್ಪೋರಮ್ ಕ್ಯಾನಿಸ್ ಅನ್ನೋ ಹುಳುಕಡ್ಡಿ ಶಿಲೀಂಧ್ರ ಆ ಬೆಳಕಿಗೆ ಹೊಳೆಯುವುದುಂಟು. ಗಿನಿಪಿಗ್‌ಗಳಿಗೆ ತಗಲುವ ಟ್ರೈಕೋಫೈಟನ್ ಅನ್ನೋ ಶಿಲೀಂಧ್ರ ಹೊಳೆಯುವುದಿಲ್ಲ.

ಅಷ್ಟರಲ್ಲಿ ಪಕ್ಕದ ಗೂಡಿನ ಎರಡಕ್ಕೂ ಕಣ್ಣಿನ ಸುತ್ತ ಶುರುವಾಯಿತು. ನನ್ನ ಮುಂಗೈ ಮೇಲೂ ಒಂದು ಕೆಂಪು ಉಂಗುರ. ಪಶುವೈದ್ಯರು ಕೂದಲು ತೆಗೆದು ಕಲ್ಚರ್‌ಗೆ (ಲ್ಯಾಬ್‌ನಲ್ಲಿ ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿದರು. ಅದಕ್ಕೆ ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಕಾಯದೆ ಮೂರನ್ನೂ ಬೇರೆ ಕೋಣೆಗೆ ಹಾಕಿ, ಅವರು ಹೇಳಿದ ಔಷಧ ಶುರು ಮಾಡಿದೆವು.

ಆದರೂ ಹೊಸ ಕೇಸ್‌ಗಳು ಬರುತ್ತಲೇ ಇದ್ದವು. ಎಲ್ಲದಕ್ಕೂ ಬಳಸುತ್ತಿದ್ದ ಬ್ರಷ್ಷನ್ನು ಒಂದು ದಿನ ಬೆಳಕಿಗೆ ಹಿಡಿದೆ. ಎಳೆಗಳ ಬುಡದಲ್ಲಿ ಕಪ್ಪು, ಬಿಳಿ, ಕಂದು, ಮೂರೂ ಬಣ್ಣದ ಕೂದಲು! ಉದುರಿದ ಕೂದಲಲ್ಲಿ ಈ ಶಿಲೀಂಧ್ರದ ಬೀಜಕಣ ತಿಂಗಳುಗಟ್ಟಲೆ ಬದುಕುತ್ತದೆ, ಅಲ್ವಾ?

ಬ್ರಷ್, ಮರದ ಗೂಡುಮನೆಗಳು ಎಲ್ಲವನ್ನೂ ಎಸೆದೆವು. ಮೊದಲು ನಾನು ಗೂಡುಗಳಿಗೆ ತೊಳೆಯದೆ ನೇರವಾಗಿ ಬ್ಲೀಚ್ ನೀರು ಹಾಕುತ್ತಿದ್ದೆ. ಕೊಳೆ ಇದ್ದರೆ ಅದು ಕೆಲಸ ಮಾಡುವುದಿಲ್ಲ. ಈಗ ಕೂದಲು ತೆಗೆದು, ಸೋಪಿನಿಂದ ತೊಳೆದು, ಆಮೇಲೆ ಬ್ಲೀಚ್ ನೀರಲ್ಲಿ 10 ನಿಮಿಷ ಒದ್ದೆಯಾಗಿಯೇ ಬಿಡುತ್ತೇವೆ. ನಂತರ ಚೆನ್ನಾಗಿ ತೊಳೆದು ಒಣಗಿಸುತ್ತೇವೆ. ಆರೋಗ್ಯವಾಗಿರುವ ಪ್ರಾಣಿಗಳ ಕೆಲಸ ಮೊದಲು, ಸೋಂಕಿನ ಕೋಣೆ ಕೊನೆಗೆ. ಅಲ್ಲಿನ ಗ್ಲೌಸ್, ಗೌನ್ ಹೊರಗೆ ಬರುವುದಿಲ್ಲ.

ಕೂದಲು ಬಂತು ಅಂತ ಔಷಧ ನಿಲ್ಲಿಸಲಿಲ್ಲ. ಕಲ್ಚರ್ ನೆಗೆಟಿವ್ ಬಂದ ಮೇಲೇ ಅವುಗಳನ್ನು ಮತ್ತೆ ಜೊತೆಗೆ ಬಿಟ್ಟೆವು.